ಹನ್ನೊಂದನೇ ನಂಬರಿನ ಫಲಿತಾಂಶ

"ಸ್ಮಶಾನದಲ್ಲಿ ನಾನೇ ಮಾತಾಡೋದು," ಎಂದು ಮಹಾರಾಜರು ಹೆಣದ ತಲೆಯ ಬಳಿಗೆ ಕುರ್ಚಿ ಎಳೆಯುತ್ತಿದ್ದಂತೆ, ಸತ್ತವರ ತಂಗಿ ಅದೇ ಕುರ್ಚಿಯ ಬೆನ್ನು ಹಿಡಿದು ತನ್ನ ಕಡೆಗೆ ಎಳೆದಳು.

"ಮೂವತ್ತು ವರ್ಷ ಈ ಸಂಘದ ನಾಯಕಿ ನಾನು. ಅದೂ ಅಲ್ದೆ ಒಡಹುಟ್ಟಿದೋಳು."

"ನಾಯಕಿ ನೀವಾದ್ರೆ, ಮೂವತ್ತು ವರ್ಷ ನಿಮ್ಮ ಕೈಹಿಡಿದು ಸಿಂಹಾಸನ ಹತ್ತಿಸಿದೋನು ನಾನಲ್ವಾ?"

ಮಹಾರಾಜರೆಂದರೆ ಮೂಲೆಯ ಬೇಕರಿಯ ಮಾಲೀಕರು. ಗಂಟಲು ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು. ಊರಿನ ಹವ್ಯಾಸಿ ನಾಟಕ ಸಂಘ ಯಾವ ನಾಟಕ ಆಡಿದರೂ ಕಿರೀಟ ಅವರ ತಲೆಗೇ ಬರುತ್ತಿತ್ತು. ಅಂಗಡಿಯಲ್ಲಿ ಬನ್ನು ಕೊಡುವಾಗಲೂ ಜಹಗೀರು ದಯಪಾಲಿಸಿದಂತೆ ಕೊಡುತ್ತಿದ್ದರು.

ಕುರ್ಚಿ ಕಿರ್ರೆಂದಿತು. ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದ ಸತ್ತವರ ಹೆಂಡತಿ ಟೆಲಿಫೋನಮ್ಮ ಕಣ್ಣೊರೆಸಿಕೊಳ್ಳುವುದನ್ನು ಬಿಟ್ಟು ತಲೆಯೆತ್ತಿದರು. ಬೆಳಿಗ್ಗೆಯಿಂದ ಗಂಡನ ಪಕ್ಕ ಐದು ನಿಮಿಷ ನೆಮ್ಮದಿಯಾಗಿ ಕೂರಲು ಈ ಜನ ಬಿಟ್ಟಿರಲಿಲ್ಲ. ಸಂಘದ ಹಾಲಿನಲ್ಲೇ ಹೆಣ ಇಡಬೇಕೆಂದು ಹಟ ಹಿಡಿದವರೂ ಇವರೇ, ಇಟ್ಟ ಮೇಲೆ ಜಗಳಕ್ಕೆ ನಿಂತವರೂ ಇವರೇ.

ಜಗಳಕ್ಕೆ ಬೆಂಕಿ ಹಚ್ಚಿದ್ದು ಸ್ಮಶಾನದ ಕಾವಲುಗಾರನ ಫೋನು. "ನಾಲ್ಕು ಗಂಟೆಗೆ ನಿಮ್ಮದು, ನಾಲ್ಕೂವರೆಗೆ ಇನ್ನೊಬ್ಬರದು. ಭಾಷಣ ಗೀಷಣ ಇದ್ರೆ ಒಬ್ಬರೇ, ಹತ್ತೇ ನಿಮಿಷ," ಎಂದಿದ್ದ ಅವನು. ಹತ್ತು ನಿಮಿಷ ಮಹಾರಾಜರಿಗೆ ಗಂಟಲು ಸರಿಮಾಡಿಕೊಳ್ಳಲೂ ಸಾಲದು.

ಮಗಳು ಬಂದು ಕಿವಿಯಲ್ಲಿ ಹೇಳಿದಳು: "ಅಮ್ಮಾ, ನೀನೇ ಏನಾದ್ರೂ ಹೇಳು. ಇನ್ನು ಕತ್ತಿ ಒಂದು ತರೋದು ಬಾಕಿ."

"ಕತ್ತಿ ಒಳಗಿನ ಕೋಣೇಲಿದೆ. ಬೀಗ ಹಾಕಿದೀಯ ತಾನೆ?"

"ರಟ್ಟಿನ ಕತ್ತಿ ಅಲ್ವೇನಮ್ಮಾ."

"ರಟ್ಟಿನದಾದ್ರೂ ಇವರ ಕೈಗೆ ಸಿಕ್ಕಬಾರದು." ಟೆಲಿಫೋನಮ್ಮ ಎದ್ದು ನಿಂತರು. "ಪರದೆ ಕಟ್ಟು."

"ಏನು?"

"ಪರದೆ ಕಟ್ಟು ಅಂದೆ. ಚೀಟಿ ಹರಿ, ನಂಬರು ಬರಿ. ನಿಮ್ಮಪ್ಪ ಹೇಗೆ ಆರಿಸ್ತಿದ್ರೋ ಹಾಗೇ ಆರಿಸೋಣ."

ಮಹಾರಾಜರು ಕುರ್ಚಿ ಕೈಬಿಟ್ಟರು. "ಸಾವಿನ ಮನೇಲಿ ಪರೀಕ್ಷೆನೇ ತಾಯೀ?"

"ಅವರಿದ್ದಿದ್ರೆ ಬೇರೆ ಥರ ಮಾಡ್ತಿದ್ರಾ, ನೀವೇ ಹೇಳಿ."

ತೀರ್ಪು ಕೊಡುವವರು ಯಾರು ಎನ್ನುವ ಪ್ರಶ್ನೆಯೂ ಬೇಗ ಬಗೆಹರಿಯಿತು. ಇಷ್ಟು ವರ್ಷ ಎಲ್ಲರಿಗೂ ಚಹಾ ಮಾಡಿಕೊಟ್ಟವಳು, ಯಾವ ಪಾತ್ರಕ್ಕೂ ಆಸೆಪಟ್ಟವಳಲ್ಲ, ಟೆಲಿಫೋನಮ್ಮನೇ ಆಗಲಿ ಎಂದು ಎಲ್ಲರೂ ಒಪ್ಪಿದರು. ಆಸೆಪಟ್ಟವಳಲ್ಲ ಎಂಬ ಮಾತು ಕೇಳಿ ಟೆಲಿಫೋನಮ್ಮ ಪರದೆಯ ಹಗ್ಗ ಹುಡುಕಲು ಹೋದರು.

*

ಸತ್ತವರನ್ನು ಊರು ಪರದೆ ಮೇಷ್ಟ್ರು ಎನ್ನುತ್ತಿತ್ತು. ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಅವರದು ಕನ್ನಡಕದ ಅಂಗಡಿ. ಹಗಲೆಲ್ಲ ಊರವರ ಕಣ್ಣು ಪರೀಕ್ಷೆ ಮಾಡಿ, ಸಂಜೆ ನಾಟಕಕ್ಕೆ ಜನರನ್ನು ಕಣ್ಣಿಂದ ನೋಡದೆ ಆರಿಸುತ್ತಿದ್ದರು. ಅದಕ್ಕೂ ಮೊದಲು ಸಂಘದಲ್ಲಿ ಮುಖ ನೋಡಿ ಮಣೆ ಹಾಕುವುದೇ ಪದ್ಧತಿಯಾಗಿತ್ತು: ಅಧ್ಯಕ್ಷರ ಭಾವಮೈದ ನಾಯಕ, ದೀಪದವನ ಅಳಿಯ ಮಂತ್ರಿ. ಮಣೆ ಹಾಕುವುದು ತಪ್ಪಬೇಕಾದರೆ ಮುಖವನ್ನೇ ನೋಡಬಾರದು ಎಂದು ಮೇಷ್ಟ್ರು ಒಂದು ಹಳೆಯ ಹಸಿರು ಪರದೆ ಕಟ್ಟಿ ಅದರ ಹಿಂದೆ ಕೂತರು. ಬಂದವರಿಗೆ ಬಾಗಿಲಲ್ಲಿ ವಿಳಾಸ ಬರೆದುಕೊಂಡು ಒಂದು ನಂಬರು. ಹೆಸರು ಹೇಳಿದವರು ಮನೆಗೆ.

ಓದಬೇಕಾದದ್ದು ನಾಟಕದ ಮಾತೂ ಅಲ್ಲ. ಅವರ ಅಂಗಡಿಯ ಚೀಟಿ: 'ಕನ್ನಡಕವನ್ನು ಸ್ವಚ್ಛವಾಗಿಡುವ ವಿಧಾನ.' "ಸತ್ತೆನಲ್ಲಾ ಅನ್ನೋ ಮಾತನ್ನ ಯಾರು ಬೇಕಾದ್ರೂ ಅತ್ತು ಹೇಳ್ತಾರೆ. ಮೆತ್ತನೆಯ ಬಟ್ಟೆಯಿಂದ ಒರೆಸಿರಿ ಅನ್ನೋದನ್ನ ನಾಲ್ಕು ಜನ ಕೇಳೋ ಹಾಗೆ ಓದಲಿ, ಅವನು ನಟ," ಎನ್ನುತ್ತಿದ್ದರು.

ಕೊನೆಯ ನಿಯಮ ಎಲ್ಲಕ್ಕಿಂತ ಕಷ್ಟದ್ದು. ಆಯ್ಕೆಯಾದವರ ಪಟ್ಟಿ ಮಾರನೆಯ ಸಂಜೆಗೆ ಗೋಡೆಯ ಮೇಲೆ ಬರುತ್ತಿತ್ತು. ಆಗದವರ ಮನೆಗೆ ಮೇಷ್ಟ್ರು ಅದಕ್ಕೂ ಮೊದಲು, ಬೆಳಿಗ್ಗೆಯೇ, ಖುದ್ದಾಗಿ ಹೋಗಿ ಕಾರಣ ಹೇಳಿ ಬರುತ್ತಿದ್ದರು. ಬೇಡ ಎನ್ನುವುದನ್ನು ಗೋಡೆ ಹೇಳಬಾರದು, ಮನುಷ್ಯ ಹೇಳಬೇಕು. ಅದೂ ಬೇರೆ ಯಾರಿಗೂ ಕೇಳಿಸಬಾರದು. ಒಮ್ಮೆ ಕ್ಷೌರದಂಗಡಿಯವನಿಗೆ ಹೇಳಲು ಹೋಗಿ, ಹೇಗೂ ಬಂದಿದ್ದೇನೆಂದು ಕುರ್ಚಿಯಲ್ಲಿ ಕೂತು, ಅರ್ಧ ಮೀಸೆಯೊಂದಿಗೆ ಮನೆಗೆ ಬಂದಿದ್ದರು. ಬೇಡ ಎಂದದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

*

ಪರದೆ ಕಟ್ಟಿದ್ದಾಯಿತು. ಈ ಸಲ ಕನ್ನಡಕದ ಚೀಟಿ ಓದುವುದಲ್ಲ, ಸ್ಮಶಾನದಲ್ಲಿ ಆಡಬೇಕೆಂದಿದ್ದ ಮಾತನ್ನೇ ಆಡಿ ತೋರಿಸುವುದು. ಅದರ ಈಚೆ ಟೆಲಿಫೋನಮ್ಮ ಮತ್ತು ಬಿಳಿ ಬಟ್ಟೆ ಹೊದ್ದು ಮಲಗಿದ ಗಂಡ, ಇಬ್ಬರೇ. ಬೆಳಿಗ್ಗೆಯಿಂದ ಬೇಕೆಂದದ್ದು ಈಗ ಸಿಕ್ಕಿತಲ್ಲ ಎಂದು ಅವರಿಗೆ ಸಮಾಧಾನವಾಯಿತು. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ನಂಬರು ಒಂದು!" ಎಂದು ಮಗಳು ಕೂಗಿದಳು.

"ಮಹಾಜನಗಳೇ!" ಎಂದದ್ದು ಕೇಳಿ ಪರದೆಯೇ ಬೆಚ್ಚಿತು. ನಂಬರು ಒಂದು ಯಾರೆಂದು ಪಕ್ಕದ ಬೀದಿಗೂ ಗೊತ್ತಾಗಿರಬೇಕು. "ಈ ಮಹಾನುಭಾವರು ನನ್ನ ತಲೆಗೆ ಮೊದಲ ಸಲ ಕಿರೀಟ ಇಟ್ಟಾಗ ನನಗೆ ಇಪ್ಪತ್ತೇಳು ವರ್ಷ. ಆಗ ನನ್ನ ದನಿ ಕೇಳಿ ಜನ..." ಐದು ನಿಮಿಷ ಕಳೆದರೂ ಮಹಾರಾಜರು ತಮ್ಮ ಮೂವತ್ತನೇ ವಯಸ್ಸು ದಾಟಲಿಲ್ಲ. ಆ ಕಥೆಯಲ್ಲಿ ಮೇಷ್ಟ್ರು ನಡುವೆ ಒಮ್ಮೆ ಬಂದು ಚಪ್ಪಾಳೆ ತಟ್ಟಿ ಹೋದರು, ಅಷ್ಟೇ.

ನಂಬರು ಎರಡು ಮಾತಿಗಿಂತ ಮೊದಲು ಬಿಕ್ಕಿತು. "ಅತ್ತಿಗೆ, ಕೇಳಿಸ್ತಿದೆಯಾ?"

"ಇಲ್ಲಿ ಅತ್ತಿಗೆ ಯಾರೂ ಇಲ್ಲ. ಮುಂದುವರಿಸಿ."

"ಹೊರಟೇಬಿಟ್ಟೆಯಾ! ಈ ಅಬಲೆಯನ್ನು ನಡುನೀರಿನಲ್ಲಿ ಕೈಬಿಟ್ಟು ಹೊರಟೇಬಿಟ್ಟೆಯಾ, ಪ್ರಾಣನಾ... ಅಣ್ಣಾ!" ನಾದಿನಿ ಮೂವತ್ತು ವರ್ಷ ರಂಗದ ಮೇಲೆ ಸತ್ತ ಗಂಡಂದಿರಿಗೆ ಹೇಳಿದ್ದೇ ಬಾಯಿಗೆ ಬರುತ್ತಿತ್ತು. ಪಾಪ, ಅವಳ ದುಃಖ ನಿಜವಾದದ್ದೇ. ಮಾತುಗಳು ಮಾತ್ರ ಬಾಡಿಗೆಯವು.

ಟೆಲಿಫೋನಮ್ಮ ಗಂಡನ ಮುಖ ನೋಡಿದರು. ಹೀಗೇ ಅಲ್ಲವೇ ಕೂತಿರುತ್ತಿದ್ದುದು ಇವರು, ಕಣ್ಣು ಮುಚ್ಚಿಕೊಂಡು. ಆ ದಿನವೂ ಹೀಗೇ ಕೂತಿದ್ದಿರಬೇಕು.

*

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಯಂತ್ರ ಬಂದು ಟೆಲಿಫೋನಮ್ಮನ ಆಪರೇಟರ್ ಕೆಲಸ ಹೋಗಿ ಒಂದು ವರ್ಷವಾಗಿತ್ತು. ದಿನಕ್ಕೆ ಮುನ್ನೂರು ಸಲ 'ಲೈನಿನಲ್ಲಿರಿ' ಎನ್ನುತ್ತಿದ್ದ ಬಾಯಿಗೆ ಮನೆಯಲ್ಲಿ 'ಊಟಕ್ಕೆ ಬನ್ನಿ' ಎನ್ನುವುದನ್ನು ಬಿಟ್ಟರೆ ಕೆಲಸವಿರಲಿಲ್ಲ. ಆ ವರ್ಷದ ನಾಟಕದಲ್ಲಿ ನ್ಯಾಯಾಧೀಶೆಯೊಬ್ಬಳ ಪಾತ್ರವಿತ್ತು. ಅದು ತನಗೆ ಬೇಕು ಎಂದು ಅವರಿಗೆ ಹಸಿವಿನಂತೆ ಅನ್ನಿಸಿಬಿಟ್ಟಿತ್ತು.

ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಗಂಡನಿಗೆ ಸುಳ್ಳು ಹೇಳಿ, ದನಿ ಗುರುತು ಸಿಗದಿರಲೆಂದು ದವಡೆಯಲ್ಲಿ ಎರಡು ಪೆಪ್ಪರಮಿಂಟು ಇಟ್ಟುಕೊಂಡು, ಹಿಂಬಾಗಿಲಿಂದ ಹಾಲಿಗೆ ಬಂದರು. ನಂಬರು ಬರೆಯುತ್ತಿದ್ದವರು ಪೋಸ್ಟಣ್ಣ. ಹಗಲು ಟಪಾಲು ಹಂಚಿ, ನಾಟಕದ ದಿನ ತೆರೆಯ ಮರೆಯಲ್ಲಿ ನಿಂತು ಮಾತು ಮರೆತವರಿಗೆ ಪಿಸುಗುಟ್ಟುವವರು.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಅವರಿಗೆ ಹೇಳಬೇಡಿ."

"ವಿಳಾಸ?" ಎಂದರು ಪೋಸ್ಟಣ್ಣ.

"ಹದಿನಾಲ್ಕನೇ ಅಡ್ಡರಸ್ತೆ."

ಊರಿನ ಅಡ್ಡರಸ್ತೆಗಳು ಒಂಬತ್ತಕ್ಕೇ ಮುಗಿಯುತ್ತಿದ್ದವು. ಟಪಾಲಿನವರಾಗಿಯೂ ಪೋಸ್ಟಣ್ಣ ಮುಖ ಅಲುಗಿಸದೆ ಬರೆದುಕೊಂಡು ಹನ್ನೊಂದನೇ ನಂಬರು ಕೊಟ್ಟರು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಚಪ್ಪಲಿ ಹಾಕಿಕೊಳ್ಳುತ್ತಾ, "ಹನ್ನೊಂದನೇ ನಂಬರಿನವರಿಗೆ ಹೇಳಿ ಬರ್ತೀನಿ," ಎಂದರು. ಅಡುಗೆಮನೆಯಲ್ಲಿ ಟೆಲಿಫೋನಮ್ಮ ಲಟ್ಟಣಿಗೆ ಕೆಳಗಿಟ್ಟರು. ಆಯ್ಕೆಯಾದವರ ಮನೆಗೆ ಅವರು ಹೋಗುವುದಿಲ್ಲವಲ್ಲ. ಎರಡು ಗಂಟೆ ಬಿಟ್ಟು ಬಂದವರು, "ವಿಳಾಸ ಸಿಗಲಿಲ್ಲ," ಎಂದು ಚಪ್ಪಲಿ ಬಿಟ್ಟರು.

"ಏನು ಹೇಳಬೇಕಿತ್ತು ಅವರಿಗೆ?"

"ಅದು ಅವರಿಗೇ ಹೇಳಬೇಕಾದ್ದು."

ಆಮೇಲೆ ಟೆಲಿಫೋನಮ್ಮ ಯಾವ ಪಾತ್ರಕ್ಕೂ ಹೋಗಲಿಲ್ಲ. ಗಂಡನಿಗೆ ಪೇಪರು ಗಟ್ಟಿಯಾಗಿ ಓದಿ ಹೇಳುವುದನ್ನೂ ಕಣ್ಣಿನ ನೆಪ ಹೇಳಿ ಬಿಟ್ಟರು. ತನ್ನ ದನಿಯಲ್ಲಿ ಏನೋ ಐಬಿದೆ, ಅದೇನೆಂದು ಗೊತ್ತಿದ್ದ ಒಬ್ಬನೇ ಮನುಷ್ಯನನ್ನು ಕೇಳುವ ಹಾಗಿಲ್ಲ. ಇಪ್ಪತ್ತೆರಡು ವರ್ಷ ಒಂದೇ ತಟ್ಟೆಯಲ್ಲಿ ಉಂಡಷ್ಟು ಹತ್ತಿರವಿದ್ದೂ ಈ ಮುಳ್ಳು ಹೋಗಿರಲಿಲ್ಲ.

*

"ನಂಬರು ಮೂರು!"

ಪರದೆಯ ಆಚೆ ಯಾರೋ ಬಂದು ನಿಂತರು. ಬಟ್ಟೆಗೆ ಬಾಯಿ ಹಚ್ಚಿದಷ್ಟು ಹತ್ತಿರದಿಂದ ಪಿಸುದನಿ ಬಂತು. "ಅಮ್ಮಾ."

"ಕೇಳಿಸ್ತಿಲ್ಲ!" ಎಂದು ಹಿಂದಿನಿಂದ ಮಹಾರಾಜರು ಗುಡುಗಿದರು.

"ನಿಮಗೆ ಕೇಳಿಸಬೇಕಾದ್ದಲ್ಲ ಅದು, ಸುಮ್ನಿರಿ," ಎಂದಳು ಮಗಳು.

"ನಾನು ಭಾಷಣಕ್ಕೆ ಬಂದಿಲ್ಲಮ್ಮಾ," ಎಂದರು ಪೋಸ್ಟಣ್ಣ. "ಒಂದು ಟಪಾಲು ಉಳಿದಿತ್ತು. ಹನ್ನೊಂದನೇ ನಂಬರಿಗೆ."

ಟೆಲಿಫೋನಮ್ಮ ಪರದೆಯ ಕಡೆಗೆ ಬಾಗಿದರು.

"ಆ ದಿನ ನಾನೂ ಜೊತೆಗೆ ಹೋಗಿದ್ದೆ. ಒಂಬತ್ತನೇ ಅಡ್ಡರಸ್ತೆ ಮುಗಿಯೋ ಕಡೆ ಮೋರಿಕಟ್ಟೆ ಇದೆಯಲ್ಲ, ಅಲ್ಲಿ ಕೂತ್ರು. 'ಇದು ನನ್ನ ಹೆಂಡ್ತಿ ಕಣಯ್ಯಾ' ಅಂದ್ರು. 'ಫೋನಿನಲ್ಲಿ ಲೈನಿನಲ್ಲಿರಿ ಅಂದಾಗ ಇದೇ ದನಿಗೆ ಬಿದ್ದೋನು ನಾನು. ಪೆಪ್ಪರಮಿಂಟು ಇಟ್ಕೊಂಡ್ರೆ ಗೊತ್ತಾಗಲ್ವಾ?' ಅಂದ್ರು."

"ಮತ್ತೆ..." ಎಂದರು ಟೆಲಿಫೋನಮ್ಮ. "ಮತ್ತೆ ಯಾಕೆ ಬೇಡ ಅಂದ್ರು?"

"'ತಂಗಿ ಆಗಲೇ ನಾಯಕಿ. ಹೆಂಡ್ತೀನೂ ಬಂದ್ರೆ ಊರು ಇದನ್ನ ನಾಟಕ ಸಂಘ ಅನ್ನಲ್ಲ, ನನ್ನ ಸಂಸಾರ ಅನ್ನುತ್ತೆ. ಪರದೆ ಸುಳ್ಳು ಅನ್ನುತ್ತೆ' ಅಂದ್ರು. 'ಆದ್ರೆ ಅವಳ ಓದಿನಲ್ಲಿ ತಪ್ಪೇ ಇಲ್ವಲ್ಲ. ಮೆತ್ತನೆಯ ಬಟ್ಟೆಯಿಂದ ಒರೆಸಿರಿ ಅಂದ್ಲು ನೋಡು, ನಾನು ಪರದೆ ಹಿಂದೆ ಕನ್ನಡಕ ತೆಗೆದು ಒರೆಸಿಕೊಂಡುಬಿಟ್ಟೆ. ಕಾರಣ ಇಲ್ದೆ ಯಾರ ಮನೆಗೂ ಹೋಗಿಲ್ಲ ನಾನು. ಇವಳ ಮುಂದೆ ಹೋಗಿ ಏನಂತ ಹೇಳಲಿ?' ಅಂದ್ರು. ಎರಡು ಸಲ ಎದ್ದು ನಿಮ್ಮ ಮನೆ ಗೇಟಿನ ತನಕ ಹೋಗಿ ವಾಪಸ್ ಬಂದ್ರಮ್ಮಾ."

"ನೀವಾದ್ರೂ ಹೇಳಬಾರದಿತ್ತಾ ಅಣ್ಣಾ? ಇಷ್ಟು ವರ್ಷ!"

"ಹೇಳಿಬಿಡ್ತೀನಿ ಅಂದೆ. 'ನಾನು ಹೋದ್ಮೇಲೆ ಹೇಳು. ಅವಳು ಬೈಯೋದು ನನಗೆ ಕೇಳಿಸಬಾರದು' ಅಂದ್ರು."

ಟೆಲಿಫೋನಮ್ಮ ಗಂಡನ ಕಡೆ ತಿರುಗಿದರು. ಊರಿಡೀ ಮನೆ ಮನೆಗೆ ಹೋಗಿ ಮುಖಕ್ಕೆ ಹೊಡೆದಂತೆ ನಿಜ ಹೇಳಿದ ಮನುಷ್ಯ, ಅರ್ಧ ಮೀಸೆ ಕಳೆದುಕೊಂಡರೂ ಹೆದರದ ಮನುಷ್ಯ, ಸ್ವಂತ ಅಡುಗೆಮನೆಗೆ ಬರಲು ಹೆದರಿದ್ದ. ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ನಗು ಬಂತು, ನಗುವಿನ ಜೊತೆಗೇ ಅಳು.

"ಪುಕ್ಕಲ!" ಎಂದರು ಗಟ್ಟಿಯಾಗಿ.

"ನನಗಾ ಅಂದಿದ್ದು?" ಎಂದರು ಮಹಾರಾಜರು.

ಪರದೆ ಸರಿಸಿ ಹೊರಬಂದ ತಾಯಿಯ ಮುಖ ನೋಡಿ ಮಗಳು ಗಾಬರಿಯಾದಳು. "ಯಾರಮ್ಮಾ ಮಾತಾಡೋದು?"

"ನಾನು."

"ಅದು ಹೇಗಾಗುತ್ತೆ ತಾಯೀ?" ಮಹಾರಾಜರು ಮುಂದೆ ಬಂದರು. "ನೀವು ಪರೀಕ್ಷೆಗೇ ಕೂತಿಲ್ವಲ್ಲ!"

"ಕೂತಿದ್ದೆ. ಇಪ್ಪತ್ತೆರಡು ವರ್ಷದ ಹಿಂದೆ. ಫಲಿತಾಂಶ ಈಗ ಬಂತು."

ಆಗದವರಿಗೆ ಕಾರಣ ಹೇಳುವ ಕೆಲಸ ಬಾಕಿಯಿತ್ತು. ಮನೆ ಮನೆಗೆ ಹೋಗಲು ಹೊತ್ತಿರಲಿಲ್ಲ. ಟೆಲಿಫೋನಮ್ಮ ಬಣ್ಣ ಹಚ್ಚುವ ಕೋಣೆಗೆ ಒಬ್ಬೊಬ್ಬರನ್ನೇ ಕರೆದು ಬಾಗಿಲು ಹಾಕಿಕೊಂಡರು.

"ನಿಮ್ಮ ಮಾತು ಕೇಳಿದ್ರೆ ಸತ್ತಿರೋದು ನೀವೇ ಅನ್ನಿಸುತ್ತೆ," ಎಂದರು ಮಹಾರಾಜರಿಗೆ.

ಮಹಾರಾಜರು ಕನ್ನಡಿ ನೋಡಿಕೊಂಡರು. "ಅವರೂ ಒಂದ್ಸಲ ಹೀಗೇ ಏನೋ ಅಂದಿದ್ರು," ಎಂದು ಸಣ್ಣ ದನಿಯಲ್ಲಿ ಹೇಳಿ ಹೊರಗೆ ಹೋದರು. ಅಷ್ಟು ಸಣ್ಣ ದನಿ ಅವರಲ್ಲಿರುವುದು ಯಾರಿಗೂ ಗೊತ್ತಿರಲಿಲ್ಲ.

ನಾದಿನಿ ಕಾರಣ ಕೇಳಲೇ ಇಲ್ಲ. "ಇಪ್ಪತ್ತೆರಡು ವರ್ಷದ ಹಿಂದೆ ಅಂದ್ರೆ ಆ ನ್ಯಾಯಾಧೀಶೆ ಪಾತ್ರ. ಕೊನೆಗೆ ಅದು ನನಗೇ ಬಂತು, ಅಲ್ವಾ ಅತ್ತಿಗೆ?" ಎಂದಳು.

"ಚೆನ್ನಾಗೇ ಮಾಡಿದ್ದೆ ಬಿಡೇ."

"ಎಲ್ಲಿ ಚೆನ್ನಾಗಿ? ತೀರ್ಪೇ ಮರೆತು ಕಳ್ಳನ ಜೊತೆ ನನಗೆ ನಾನೇ ಶಿಕ್ಷೆ ಕೊಟ್ಕೊಂಡಿದ್ದೆ." ಇಬ್ಬರೂ ಕೈಕೈ ಹಿಡಿದು ನಕ್ಕರು. ಹೊರಗಿದ್ದವರು ಇವರು ಅಳುತ್ತಿದ್ದಾರೆಂದುಕೊಂಡರು.

*

ಸ್ಮಶಾನದಲ್ಲಿ ಟೆಲಿಫೋನಮ್ಮ ಎಲ್ಲರ ಎದುರು ನಿಂತರು. ಕಾವಲುಗಾರ ಗೋಡೆಯ ಬದಿ ನಿಂತು ಗಡಿಯಾರ ನೋಡಿ, "ಹತ್ತು ನಿಮಿಷಮ್ಮಾ," ಎಂದ.

ಅವರು ಬಾಯಿ ತೆರೆದರು. ದನಿ ಹೊರಡಲಿಲ್ಲ. ಎದುರಿಗೆ ನಲವತ್ತು ಮುಖಗಳು, ಎಂಬತ್ತು ಕಣ್ಣುಗಳು. ಹೆಡ್‌ಫೋನು ಹಾಕಿಕೊಂಡು ಮುಖ ಕಾಣದವರೊಂದಿಗೆ ಆಯುಷ್ಯವೆಲ್ಲ ಮಾತಾಡಿದವರಿಗೆ ಹೀಗೆ ದಿಟ್ಟಿಸಿ ನೋಡುವ ಜನರೆದುರು ಮಾತಾಡಿ ಗೊತ್ತೇ ಇರಲಿಲ್ಲ. ಮತ್ತೊಮ್ಮೆ ತುಟಿ ಅಲುಗಿತು. ಏನೂ ಬರಲಿಲ್ಲ. ಪೋಸ್ಟಣ್ಣ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದೆ ಬಂದರು. ಆದರೆ ಪಿಸುಗುಟ್ಟಲು ಅವರ ಹತ್ತಿರವೂ ಮಾತಿರಲಿಲ್ಲ.

ಮೊದಲು ತಿರುಗಿದವಳು ನಾದಿನಿ. ಅತ್ತಿಗೆಯ ಮುಖ ಒಮ್ಮೆ ನೋಡಿ, ಬೆನ್ನು ಮಾಡಿ ನಿಂತು ಕಣ್ಣು ಮುಚ್ಚಿದಳು. ಪೋಸ್ಟಣ್ಣನೂ ತಿರುಗಿದರು. ಮಗಳು ತಿರುಗಿದಳು. ಮಹಾರಾಜರು ಅತ್ತಿತ್ತ ನೋಡಿ, ಹೊಟ್ಟೆ ಸಮೇತ ನಿಧಾನವಾಗಿ ತಿರುಗಿದರು. ಆಮೇಲೆ ಪರದೆ ಎಳೆದ ಹಾಗೆ ಸಾಲಿಗೆ ಸಾಲೇ ತಿರುಗಿತು.

"ಇವರು..." ಎಂದು ಟೆಲಿಫೋನಮ್ಮನ ದನಿ ಹೊರಟಿತು, ಸ್ಪಷ್ಟವಾಗಿ, ಅವಸರವಿಲ್ಲದೆ.

ಕಾವಲುಗಾರ ಇಂಥದ್ದನ್ನು ಕಂಡವನಲ್ಲ. ಹೆಂಗಸೊಬ್ಬಳು ಮಾತಾಡುತ್ತಿದ್ದಾಳೆ, ಬಂದವರೆಲ್ಲ ಅವಳಿಗೆ ಬೆನ್ನು ಹಾಕಿ ನಿಂತಿದ್ದಾರೆ. ಮನೆಯವರಲ್ಲಿ ಏನೋ ದೊಡ್ಡ ಜಗಳ ಆಗಿದೆ ಎಂದುಕೊಂಡ. ಆದರೆ ಆ ಬೆನ್ನುಗಳಲ್ಲಿ ಒಂದೂ ಕದಲುತ್ತಿರಲಿಲ್ಲ. ಹತ್ತು ನಿಮಿಷ ಮುಗಿಯಿತು, ಹದಿನೈದಾಯಿತು. ಅವನು ಗಡಿಯಾರದಿಂದ ಕಣ್ಣು ತೆಗೆದು, ತಾನೊಬ್ಬನೇ ಹೀಗೆ ನೋಡುತ್ತಾ ನಿಲ್ಲುವುದು ಸರಿಯಲ್ಲವೆನಿಸಿ, ಗೋಡೆಯ ಕಡೆ ತಿರುಗಿಕೊಂಡ.