ಹೂವಾದ ಹುರಳಿಗೆ ಕುಡಗೋಲು

ಸೂಪಾ ಕಡೆ ಸುರಿಯುವ ಮಳೆ ಸಾಂಬ್ರಾಣಿ ಊರಿಗೆ ಬರುವಷ್ಟರಲ್ಲಿ ಕೈ ಖಾಲಿ ಮಾಡಿಕೊಂಡಿರುತ್ತದೆ. ಊರ ಮೂಡಣದ ಕೆಂಪು ಮಸಾರಿ ನೆಲದಲ್ಲಂತೂ ಸಂಕ್ರಾಂತಿ ಕಳೆದರೆ ಬರಿಗಾಲಿಡುವ ಹಾಗಿಲ್ಲ. ಅಂಥ ನೆಲದಲ್ಲಿ ಈಶಪ್ಪ ವಿಜಾಪುರದ ಕಡೆಯಿಂದ ಕಡ್ಡಿ ತಂದು ದ್ರಾಕ್ಷಿ ಊರಿದಾಗ ಊರೆಲ್ಲ ನಕ್ಕಿತ್ತು. ಬಳ್ಳಿ ಕಂಬಕ್ಕೆ ಹಬ್ಬಿತು, ಗೊಂಚಲೂ ಬಿಟ್ಟಿತು. ಆದರೆ ಎರಡು ಬೇಸಿಗೆ ಎಲೆ ಸುಟ್ಟು, ಹಣ್ಣು ಮಾಗುವ ಮೊದಲೇ ಮುದುಡಿ, ನಗುವವರ ಮುಂದೆ ಎಡವಿ ಬಿದ್ದಂತಾಯಿತು. ಈಶಪ್ಪನ ಅಣ್ಣ ಅಂದಾನೆಪ್ಪ ಮನೆಯ ಯಜಮಾನ. ಅವನು ಹೇಳಿಬಿಟ್ಟ: "ಇನ್ನೊಂದು ಬ್ಯಾಸಗಿ ನೋಡ್ತೇನಿ. ಮತ್ತ ಒಣಗಿದ್ರ ಬಳ್ಳಿ ಕಿತ್ತು ಜ್ವಾಳಾ ಬಿತ್ತೂದು."

ಈಶಪ್ಪ ತಲೆಯಾಡಿಸಿದ. ಅಣ್ಣ ಏನಂದರೂ ತಲೆಯಾಡಿಸುವುದೇ ಅವನ ಕಸುಬು. ಅವನ ಹೆಂಡತಿ ಶಿವಗಂಗವ್ವನಿಗೆ ಮಾತ್ರ ಆ ಮಾತು ಒಪ್ಪಿಗೆಯಾಗಲಿಲ್ಲ. ಕೊಡ ಹೊತ್ತು ಆ ಬಳ್ಳಿಗಳ ಜೀವ ಹಿಡಿದವಳು ಅವಳು.

ಅವಳು ಒಂದು ಸಂಗತಿ ಕಂಡಿದ್ದಳು. ಹಿಂದಿನ ವರ್ಷ ದನಕ್ಕೆಂದು ತಂದ ಹುರಳಿ ಹೊಟ್ಟಿನ ಹೊರೆಯೊಂದು ಬೇಲಿ ಪಕ್ಕದ ಬಳ್ಳಿಯ ಬುಡದಲ್ಲಿ ಬಿದ್ದು ಹಾಗೇ ಉಳಿದಿತ್ತು. ಬೇಸಿಗೆಯಲ್ಲಿ ಆ ಬಳ್ಳಿಯೊಂದೇ ಹಸಿರಾಗಿತ್ತು. ಉಳಿದ ಸಾಲುಗಳನ್ನು ಅಂದಾನೆಪ್ಪ ಒಂದು ಹುಲ್ಲುಕಡ್ಡಿಯೂ ಇಲ್ಲದಂತೆ ಹರಗಿಸಿ ಮೀಸೆ ತಿರುವಿದ್ದ. ಬಿಸಿಲು ಆ ಬೋಳು ನೆಲವನ್ನು ರೊಟ್ಟಿ ಹಂಚಿನಂತೆ ಕಾಯಿಸಿತ್ತು.

ಜರ್ಮನಿಯ ಜೊತೆ ಯುದ್ಧ ಶುರುವಾಯಿತೆಂದು ಹಳಿಯಾಳದ ಸಂತೆಯಲ್ಲಿ ಸುದ್ದಿ ಹಬ್ಬಿದ ಶ್ರಾವಣದಲ್ಲಿ ಅವಳು ಸಾಲುಗಳ ನಡುವೆ ಹುರಳಿ ಚೆಲ್ಲಿದಳು. ಅಂದಾನೆಪ್ಪನಿಗೆ ಖುಷಿಯೋ ಖುಷಿ. ದ್ರಾಕ್ಷಿ ಹೋದರೂ ಹುರಳಿ ಬಂತಲ್ಲ! ತಮ್ಮನ ಹೆಂಡತಿ ಜಾಣೆ ಎಂದು ಕಟ್ಟೆಯ ಮೇಲೆ ಕೂತು ಹೊಗಳಿದ.

ಶೀಗಿ ಹುಣ್ಣಿಮೆ ಬಂತು. ಅಂದು ಹೊಲದ ಬೆಳೆಯೆಲ್ಲ ಬಸುರಿ. ಕಡಬು, ಹೋಳಿಗೆ ಕಟ್ಟಿಕೊಂಡು ಹೋಗಿ, ಬಸುರಿಯ ಬಯಕೆ ತೀರಿಸುವಂತೆ ಭೂಮಿಗೆ ಅದನ್ನೇ ಚರಗವೆಂದು ಚೆಲ್ಲುತ್ತಾರೆ. ಶಿವಗಂಗವ್ವನೂ ಚೆಲ್ಲಿದಳು. ಹುರಳಿ ಆಗ ಹೂವಿನಲ್ಲಿತ್ತು. ಮರುದಿನ ಬೆಳಿಗ್ಗೆ ಅವಳು ಕುಡಗೋಲು ಹಿಡಿದು ಹೋಗಿ ಆ ಹೂವಿನ ಬೆಳೆಯನ್ನೇ ಕೊಯ್ಯತೊಡಗಿದಳು. ಕೊಯ್ದದ್ದನ್ನು ಬಳ್ಳಿಯ ಬುಡಕ್ಕೆ ಹಾಸುತ್ತ ಹೋದಳು.

ಸುದ್ದಿ ಮುಟ್ಟಿದ್ದೇ ತಡ, ಅಂದಾನೆಪ್ಪ ಓಡಿಬಂದ. ಅವನ ಹಿಂದೆ ಈಶಪ್ಪ, ಬೇಲಿಯಾಚೆ ಅರ್ಧ ಊರು.

"ಈಶ್ಯಾ, ನಿನ್ನ ಹೆಂಡ್ತಿನ್ನ ಕೇಳು! ನಿನ್ನೆ ಬಯಕಿ ಊಟ ಹಾಕಿ ಇವತ್ತು ಬಸರಿ ಬೆಳಿ ಕೊಯ್ಯಾಕ ಕೈಯಾದ್ರೂ ಹೆಂಗ ಬಂತು? ಮನಿ ಹಾಳಾಗತೈತಿ!"

ಭಾವನೆದುರು ಬಾಯಿ ತೆರೆಯುವ ರೂಢಿ ಆ ಮನೆಯ ಹೆಂಗಸರಿಗೆ ಇರಲಿಲ್ಲ. ಏನಿದ್ದರೂ ಗಂಡನ ಬಾಯಿಂದಲೇ ಹೇಳಿಸಬೇಕು. ಈಶಪ್ಪ ಹೆಂಡತಿಯನ್ನು ನೋಡಿದ, ಅಣ್ಣನನ್ನು ನೋಡಿದ, ಕೊನೆಗೆ ತನ್ನ ಚಪ್ಪಲಿ ನೋಡಿಕೊಂಡ. ಶಿವಗಂಗವ್ವನಿಗೆ ಸಿಟ್ಟು ನೆತ್ತಿಗೇರಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಭಾವನ ಮುಖಕ್ಕೇ ತಿರುಗಿದಳು.

"ಅವರನ್ಯಾಕ ಕೇಳ್ತೀರಿ, ನನ್ನ ಕೇಳ್ರಿ ಭಾವಾರ. ಕಾಯಿ ಕಟ್ಟಾಕ ಬಿಟ್ರ ಈ ಹುರಳಿ ನೆಲದಾಗಿನ ಹಸಿ ಎಲ್ಲಾ ಕುಡದಬಿಡತೈತಿ. ಬ್ಯಾಸಗಿಗೆ ಬಳ್ಳಿಗೇನು ಉಳೀತೈತಿ? ಇದನ್ನ ನೆಲಕ್ಕ ಹೊದಿಸಾಕ ಬಿತ್ತೀನಿ, ಕಣಜಕ್ಕ ಅಲ್ಲ."

"ಪಾಪ ಹತ್ತತೈತಿ!"

"ಹತ್ತಿದ್ರ ನನಗ ಹತ್ತಲಿ. ಎರಡು ವರ್ಷ ಬೋಳು ನೆಲದಾಗ ಬಳ್ಳಿ ಸುಟ್ಟುವಲ್ಲ, ಆ ಪಾಪ ಯಾರಿಗೆ ಹತ್ತೇತ್ರಿ?"

ಬೇಲಿಯಾಚೆ ಯಾರೋ ಕಿಸಕ್ಕೆಂದರು. ಅಂದಾನೆಪ್ಪನ ಮುಖ ಕೆಂಪಗಾಯಿತು. ಇನ್ನು ಈ ಕೈ ನಮ್ಮ ಒಲೆ ಮುಟ್ಟಬಾರದು ಎಂದು ಆಜ್ಞೆ ಮಾಡಿ ಹೋದ. ಅವಳು ಬಗ್ಗಿ ಮುಂದಿನ ಸಾಲು ಹಿಡಿದಳು.

ಅಂದಿನಿಂದ ಮನೆ ಬಿಟ್ಟು ತೋಟದಲ್ಲೇ ಉಳಿದಳು; ಮೂಲೆಯಲ್ಲಿ ಮೂರು ಕಲ್ಲಿಟ್ಟು ರೊಟ್ಟಿ ಸುಟ್ಟುಕೊಂಡಳು. ಮೊದಮೊದಲು ಒಬ್ಬಳೇ ತಿಂದಳು, ಅತ್ತಳು ಕೂಡ. ಒಂದು ದಿನ ಈಶಪ್ಪ ಬಂದು ಪಕ್ಕದಲ್ಲಿ ಕೂತು, "ನನಗೂ ಒಂದು ಹಾಕು" ಎಂದ. ಜೀವಮಾನದಲ್ಲಿ ಅವನು ಅಣ್ಣನಿಗೆ ಎದುರಾಡಿದ್ದು ಅದೊಂದೇ ಸಲ, ಅದೂ ರೊಟ್ಟಿ ತಿಂದು.

ಶಿವರಾತ್ರಿ ದಾಟಿತು. ಸುತ್ತಲ ಹೊಲಗಳು ಬಿರುಕು ಬಿಟ್ಟವು, ಬಾವಿಗಳ ತಳ ಕಂಡಿತು. ಶಿವಗಂಗವ್ವ ಒಣಗಿದ ಹುರಳಿಯ ಹೊದಿಕೆಯ ಕೆಳಗೆ ಕೈ ತೂರಿಸಿದರೆ ಮಣ್ಣು ತಣ್ಣಗೆ ಬೆರಳಿಗೆ ಅಂಟುತ್ತಿತ್ತು. ಒಂದೆರಡು ಬಳ್ಳಿ ಸತ್ತವು, ನಿಜ. ಉಳಿದವು ಎಲೆ ಉದುರಿಸಲಿಲ್ಲ, ಗೊಂಚಲು ತುಂಬಿ ಜೋತುಬಿದ್ದವು.

ಬಳ್ಳಿ ಕೀಳಿಸಲೆಂದು ಆಳುಗಳನ್ನು ಕರೆದುಕೊಂಡೇ ಬಂದಿದ್ದ ಅಂದಾನೆಪ್ಪ ಬೇಲಿಯ ಬಳಿ ನಿಂತುಬಿಟ್ಟ. ಆಳುಗಳನ್ನು ಹಿಂದಕ್ಕೆ ಕಳಿಸಿದ. ಒಂದು ಹಣ್ಣು ಬಾಯಿಗೆ ಹಾಕಿಕೊಂಡ, ಇನ್ನೊಂದು ಹಾಕಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು, ದೊಡ್ಡ ಮನಸ್ಸು ಮಾಡಿದವರ ದನಿಯಲ್ಲಿ ಹೇಳಿದ:

"ಹೋಗ್ಲಿ ಬಿಡವಾ. ಉಳವಿ ಚನ್ನಬಸವಣ್ಣ ನಿನ್ನ ತಪ್ಪು ಮಾಫ್ ಮಾಡ್ಯಾನ. ಮನಿಗೆ ಬಾ."

ಶಿವಗಂಗವ್ವ ಗೊಂಚಲು ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಮಾಫ್ ಮಾಡು ಅಂತ ನಾ ಯಾವಾಗ ಬೇಡಿದ್ದೆರಿ ಭಾವಾರ? ಮನಿಗೆ ಬರ್ತೇನಿ, ಅದು ನಂದೂ ಮನಿ. ಆದ್ರ ಮುಂದಿನ ವರ್ಷನೂ ಹುರಳಿ ಹೂವಾಗತೈತಿ. ನಾನೂ ಕೊಯ್ಯಾಕೀನ."