ಪುಣೆಯಲ್ಲಿ ತೆರೆಯದ ಇ-ಮೇಲ್

೨೦೦೪ರ ಮೇ ತಿಂಗಳು. ಗೌನಿಪಲ್ಲಿಯ ತೋಟಗಳಲ್ಲಿ ಬಾದಾಮಿ ಮಾವು ಕೊಯ್ಲಿಗೆ ಬಂದಿತ್ತು. ಬೆಳೆಗಾರರ ಸಂಘದ ಅಧ್ಯಕ್ಷೆ ಮುನಿಯಲ್ಲಮ್ಮ ಮೊದಲ ಸಲ ದಲ್ಲಾಳಿ ಇಲ್ಲದೆ ಪುಣೆಯ ವ್ಯಾಪಾರಿಯೊಬ್ಬರನ್ನು ನೇರವಾಗಿ ಹಿಡಿದಿದ್ದರು. ಇನ್ನು ಮುಂದಿನ ಮಾತುಕತೆಯೆಲ್ಲ ಇ-ಮೇಲ್‌ನಲ್ಲಿ.

ಅದಕ್ಕೆಂದು ಒಂದು ಕಂಪನಿ ತನ್ನದೇ ಮೇಲ್ ವ್ಯವಸ್ಥೆಯನ್ನು ಸಂಘದ ಕಂಪ್ಯೂಟರಿಗೆ ಪುಕ್ಕಟೆ ಹಾಕಿಕೊಟ್ಟಿತ್ತು. ಒಂದು ತಿಂಗಳು ನೋಡಿ, ಆಮೇಲೆ ಕೊಳ್ಳಬೇಕು. ಮೇಲ್ ಬಂದರೆ ಕಂಪ್ಯೂಟರಿನಲ್ಲಿ ಗಿಣಿ ಕೂಗುತ್ತಿತ್ತು! ಟೈಪಿಂಗ್ ಬಲ್ಲ ಕಾರ್ಯದರ್ಶಿ ಪೆದ್ದಪ್ಪ, ಮುನಿಯಲ್ಲಮ್ಮನ ಬಾವ, ಅದಕ್ಕೆ ಮರುಳಾಗಿದ್ದರು.

ಒಂದು ಬೆಳಿಗ್ಗೆ ಪುಣೆಯಿಂದ ಫೋನ್ ಬಂತು. “ನಿಮ್ಮ ಮೇಲ್ ಇಲ್ಲಿ ತೆರೀತಾನೇ ಇಲ್ಲ. ಸಂಜೆಯೊಳಗೆ ಲಾರಿ ವಿವರ ಬರಹದಲ್ಲಿ ಬರದಿದ್ರೆ ಬೇರೆ ಕಡೆ ಹಣ್ಣು ನೋಡ್ಕೋತೀವಿ.”

ಕೊಯ್ದ ಹಣ್ಣು ಕಾಯುತ್ತದೆಯೇ? ಪೆದ್ದಪ್ಪ ಕಂಪನಿಗೆ ಫೋನ್ ಮಾಡಿದರು. “ಪುಣೆಯವರೂ ನಮ್ಮ ಸಾಫ್ಟ್‌ವೇರ್ ಕೊಂಡ್ಕೊಂಡ್ರೆ ತೆರೆಯುತ್ತೆ ಸಾರ್” ಎಂಬ ಉತ್ತರ ಬಂತು.

ಇಬ್ಬರೂ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಓಡಿದರು. ಮುಳಬಾಗಿಲಿನ ವಿಭಾ ಅಲ್ಲಿ ಇಂಟರ್ನೆಟ್ ಸೆಂಟರ್ ನಡೆಸುತ್ತಿದ್ದಳು. ಎಲ್ಲ ಕೇಳಿ ನಕ್ಕಳು.

“ಅಣ್ಣಾ, ನಿಮ್ಮ ಸೈಕಲ್‌ಗೆ ಗಾಳಿ ಎಲ್ಲಿ ಹೊಡಿಸ್ತೀರಿ?”

“ಎಲ್ಲಾದ್ರೂ ಹೊಡಿಸ್ತೀನಮ್ಮ. ಯಾವ ಪಂಪಾದ್ರೂ ಹಿಡಿಯುತ್ತೆ.”

“ಒಂದೇ ಅಂಗಡಿ ಪಂಪು ಹಿಡಿಯೋ ಟ್ಯೂಬು ಕೊಟ್ರೆ?”

“ಯಾವನ್ ತಗೋತಾನೆ ಅದನ್ನ!”

“ಇ-ಮೇಲೂ ಹಂಗೇ ಅಣ್ಣಾ. ಎಲ್ಲರೂ ಒಪ್ಪಿರೋ ಬಹಿರಂಗ ನಿಯಮದಂತೆ ನಡೆಯೋ ಮೇಲ್ ಇದೆ. ಯಾರು ಮಾಡಿದ ಸಾಫ್ಟ್‌ವೇರಲ್ಲಾದ್ರೂ ತೆರೆಯುತ್ತೆ. ನಿಮ್ಮದು ಆ ಕಂಪನಿಯ ಗುಟ್ಟಿನ ಭಾಷೇಲಿ ಹೋಗಿದೆ.”

ಪೆದ್ದಪ್ಪ ಹುಬ್ಬು ಗಂಟಿಕ್ಕಿದರು. “ನಿನ್ನ ಸೆಂಟರಿಗೆ ಗಿರಾಕಿ ಬೇಕು ಅಂತ ಹಿಂಗಂತೀಯಾ?”

“ನನ್ನ ಹತ್ರಾನೇ ಬರಬೇಕು ಅಂತ ಏನಿಲ್ಲ. ನಾಳೆ ನಾನು ಬಾಗಿಲು ಹಾಕಿದ್ರೂ, ಹಳೇ ಮೇಲ್‌ಗಳನ್ನ ಇನ್ನೊಂದು ಕಡೆ ತಗೊಂಡೋಗಬಹುದು. ಕಂಪನಿಯದ್ರಲ್ಲಿ ಆಗುತ್ತಾ, ಕೇಳಿ ನೋಡಿ.”

“ಬಾವಾ, ಮೊದ್ಲು ಬರೀರಿ. ವಾದ ಆಮೇಲೆ!” ಎಂದರು ಮುನಿಯಲ್ಲಮ್ಮ.

ಪೆದ್ದಪ್ಪ ಅಲ್ಲೇ ಕೂತು, ವಿಭಾ ತೆರೆದುಕೊಟ್ಟ ಹೊಸ ಮೇಲ್‌ನಲ್ಲಿ ಲಾರಿ ವಿವರ ಟೈಪ್ ಮಾಡಿದರು. ತರಿಸಿದ ಟೀ ಆರುವ ಮೊದಲೇ ಪುಣೆಯಿಂದ ಉತ್ತರ: “ತಲುಪಿತು. ಹಣ್ಣು ಕಳಿಸಿ.”

ಮುನಿಯಲ್ಲಮ್ಮ ವಿಭಾಳ ಕೆನ್ನೆ ಸವರಿದರು. ಪೆದ್ದಪ್ಪ ಗಟ್ಟಿಯಾಗಿ ನಕ್ಕರು. “ಹಣ್ಣು ಕೊಳ್ಳೋನಿಗೆ, ಹೆಚ್ಚೋಕೆ ಮೊದ್ಲು ನಮ್ಮ ಚಾಕು ಕೊಂಡ್ಕೋ ಅಂದಂಗಾಯ್ತು ಆ ಕಂಪನಿ ಮಾತು! ನಡಿಯಮ್ಮ, ಬೇಡ ಅಂತ ಅವರಿಗೆ ನಾನೇ ಹೇಳ್ತೀನಿ.”

ಆ ವರ್ಷ ಗೌನಿಪಲ್ಲಿಯ ಹಣ್ಣು ಪುಣೆಗೂ ಹೋಯಿತು, ಮುಂದಕ್ಕೆ ಮುಂಬಯಿಗೂ ಹೋಯಿತು.

ನಿಮ್ಮ ಸಂಘಕ್ಕೂ ಇ-ಮೇಲ್ ಹಾಕಿಸುತ್ತಿದ್ದೀರಾ? ಅಂದಕ್ಕೆ ಮರುಳಾಗುವ ಮುಂಚೆ ಬಾಯಿ ಬಿಟ್ಟು ಕೇಳಿ: ಬೇರೆ ಸಾಫ್ಟ್‌ವೇರ್ ಇರುವವರಿಗೂ ಇದು ತೆರೆಯುತ್ತದೆಯೇ? ಬೇಡವೆನಿಸಿದ ದಿನ ನಮ್ಮ ಮೇಲ್‌ಗಳನ್ನು ನಾವು ಒಯ್ಯಬಹುದೇ? ಹೌದು ಎಂದರೆ ಮಾತ್ರ ಹೂಂ ಎನ್ನಿ. ನಿಮ್ಮ ಮಾತಿನ ಬೀಗದ ಕೈ ನಿಮ್ಮ ಸೊಂಟದಲ್ಲೇ ಇರಲಿ.