ಮೇಜಿನ ಕೆಳಗಿನ ತಂತಿ

ಕ್ಲಿಪ್ಪು ಕಳಚಿ ಬಿದ್ದದ್ದೇ ತಡ, ಪವರ್ ಸಪ್ಲೈನ ಹಸಿರು ದೀಪ ಆರಿತು. ಮತ್ತೆ ಹತ್ತಿತು. ಟಿಕ್ ಎಂದು ಮತ್ತೆ ಆರಿತು.

"ಏನೋ ಇದು?" ಎಂದಳು ಅಕ್ಕ.

ತಮ್ಮ ಚಿಮುಟದ ತುದಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಇನ್ನೊಂದು ಗಳಿಗೆಗೆ ಅದೇ ಚಿಮುಟದಲ್ಲಿ ಬೋರ್ಡಿನ ಬಿಡಿಭಾಗ ಎತ್ತುತ್ತಾನೆ, ಅದೂ ಒರೆಸದೆ. "ಲೋಡ್ ಕಮ್ಮಿ ಇಟ್ಟಿದ್ದೀಯ, ಅದಕ್ಕೇ. ಕ್ಲಿಪ್ ಹಾಕು, ಸರಿಹೋಗುತ್ತೆ" ಎಂದ.

ಆ ಪವರ್ ಸಪ್ಲೈ ಡಬ್ಬಿಯನ್ನು ಆಳುವುದು ಒಳಗಿನ ಒಂದು ಪುಟ್ಟ ಚಿಪ್. ಸ್ವಿಚ್ ಹಾಕಿದಾಗ ಮೇನ್ಸಿನಿಂದ ಒಂದು ರೆಸಿಸ್ಟರಿನ ಮೂಲಕ ಅದಕ್ಕೆ ಒಂದೇ ಒಂದು ಗುಟುಕು ಕರೆಂಟು ಸಿಗುತ್ತದೆ. ಎದ್ದ ಮೇಲೆ ಅದು ಟ್ರಾನ್ಸ್‌ಫಾರ್ಮರಿನಲ್ಲಿ ತನಗೆಂದೇ ಸುತ್ತಿದ ತಂತಿಯಿಂದ ಹೊಟ್ಟೆ ಹೊರೆದುಕೊಳ್ಳಬೇಕು. ಡಬ್ಬಿ ಎಳೆಯಬೇಕಾದ ಲೋಡು ಕಮ್ಮಿಯಾದಷ್ಟೂ ಆ ತಂತಿಯಲ್ಲಿ ಬರುವುದೂ ಕಮ್ಮಿ; ಅದು ಸಾಲದಿದ್ದರೆ ಕುಸಿದು ಬೀಳುತ್ತದೆ, ಮತ್ತೆ ಗುಟುಕು ಸಿಕ್ಕಾಗ ಏಳುತ್ತದೆ. ಪರೀಕ್ಷೆ ಬೇಗ ಮುಗಿಯಲೆಂದು ತಮ್ಮನೇ ಹೊರಗಿನಿಂದ ನೇರವಾಗಿ ಚಿಪ್ಪಿಗೆ ಕರೆಂಟು ಕೊಡುವ ಈ ಕ್ಲಿಪ್ಪನ್ನು ಹಾಕಿಕೊಟ್ಟಿದ್ದ. ಅಕ್ಕ ಅದನ್ನು ಸಿಕ್ಕಿಸಿಯೇ ಪರೀಕ್ಷಿಸಿ, ಪ್ರತಿಯೊಂದು ಡಬ್ಬಿಯ ಮೇಲೂ ತನ್ನ ಸೀಲು ಒತ್ತಿದ್ದಳು. ಕೈತುತ್ತು ಹಾಕಿ ಸಾಕಿದ ಚಿಪ್ಪಿಗೆ ತಾನಾಗಿ ಉಣ್ಣಲು ಬರುತ್ತದೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ.

"ಚಿಪ್ಪಿಗೆ ಸುತ್ತು ಕಮ್ಮಿ ಹಾಕಿದ್ಯಾ?"

"ಜಾಗ ಸಾಲಲಿಲ್ಲ ಕಣೇ, ಒಂದೆರಡು ಸುತ್ತು ಬಿಟ್ಟೆ. ಫುಲ್ ಲೋಡಲ್ಲಿ ಕುದುರೆ ಥರ ಓಡುತ್ತೆ."

"ಇದು ಆಕ್ಸಿಜನ್ ಮಷಿನ್ನಿಗೆ ಹೋಗೋದು. ಎಳೇಕೂಸುಗಳಿಗೆ ಆಕ್ಸಿಜನ್ ಇಡೋದೇ ಕಮ್ಮಿ ಲೋಡಲ್ಲಿ!"

"ಎಲ್ಲದಕ್ಕೂ ರಾಳ ಸುರಿದು ಮುಚ್ಚಾಯ್ತು. ಒಡೆದ್ರೆ ಇಡೀ ಮಾಲು ಗುಜರಿಗೆ. ಇವತ್ತೇ ಮಕ್ಕಳಾಸ್ಪತ್ರೆ ಮೇಡಂ ಬರ್ತಿದ್ದಾರೆ. ತಂತೀನ ಮೇಜಿನ ಕೆಳಗಿಂದ ತಂದು ಡಬ್ಬಿ ತಳದ ತೂತಲ್ಲಿ ತೂರಿಸು. ಆಮೇಲೆ ನೋಡಿಕೊಳ್ಳೋಣ, ನನ್ನ ಬಂಗಾರದಂಥ ಅಕ್ಕ ಅಲ್ವಾ ನೀನು?"

ಚಿಕ್ಕಂದಿನಲ್ಲಿ ಏಟು ತಪ್ಪಿಸಿಕೊಳ್ಳಲು ಕರೆಯುತ್ತಿದ್ದ ಅದೇ ರಾಗ. ಆದರೂ ಬಗ್ಗಿದಳು. ಮೇಜಿನಡಿಯ ದೂಳು, ಜೇಡರಬಲೆ, ಯಾವನೋ ಉಗಿದಂಟಿಸಿದ ಚ್ಯೂಯಿಂಗ್ ಗಮ್ಮು, ಎಲ್ಲದರ ನಡುವೆ ತಂತಿಯನ್ನು ಟೇಪು ಹಚ್ಚಿ ಕೂರಿಸಿದವು ಅವಳದೇ ಬೆರಳುಗಳು. ಎದ್ದು ಎಷ್ಟು ಸೋಪು ಹಾಕಿ ತಿಕ್ಕಿದರೂ ಬೆರಳಿನ ರಾಳದ ಜಿಗುಟು ಹೋಗಲಿಲ್ಲ. ಅಷ್ಟರಲ್ಲಿ ತಮ್ಮ ಕೋಣೆಗೆಲ್ಲ ಸೆಂಟು ಹೊಡೆದಿದ್ದ. ರಾಳದ ನಾತಕ್ಕೆ ಮಲ್ಲಿಗೆ ಸೇರಿ ಉಸಿರು ಬಿಡಲಾಗಲಿಲ್ಲ.

ಮೇಡಂ ಬಂದರು. ತೆಳ್ಳಗಿನ ಹೆಂಗಸು, ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದರು. ಬಂದವರೇ ಲೋಡಿನ ತಿರುಗುಗುಂಡಿಯನ್ನು ತೀರಾ ಕಮ್ಮಿಗೆ ತಿರುಗಿಸಿದರು. ಹಸಿರು ದೀಪ ಕದಲಲಿಲ್ಲ.

"ಸದ್ಯ! ನಮ್ಮ ಹಳೇದು ಇಷ್ಟು ಕಮ್ಮೀಲೇ ಕೈ ಕೊಡ್ತಿತ್ತು" ಎಂದರು.

"ಕಣ್ಣು ಮುಚ್ಚಿಕೊಂಡು ತಗೊಂಡು ಹೋಗಿ ಮೇಡಂ" ಎಂದು ತಮ್ಮ ಹಲ್ಲು ಕಿರಿದ. ಆ ನಗುವನ್ನು ಅಕ್ಕ ನೋಡಲಾರದೆ ಮುಖ ತಿರುಗಿಸಿದಳು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನ ಮೇಲೆ ಇಷ್ಟು ಹೇಸಿಗೆ ಹುಟ್ಟಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಮೇಡಂ ಅವಳ ಕಡೆ ತಿರುಗಿದರು. "ಟೆಸ್ಟ್ ಮಾಡೋದು ನೀವೇ ಅಲ್ವಾ? ಇನ್ನು ನಾನು ಮಲಗಿ ನಿದ್ದೆ ಮಾಡ್ತೀನಿ ನೋಡಿ." ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಜಿಗುಟಿಗೆ ಅವರ ಬೆರಳು ಅಂಟಿತು. ಅವರು ಕೈ ಬಿಡಲಿಲ್ಲ, ಒರೆಸಿಕೊಳ್ಳಲೂ ಇಲ್ಲ.

ಅಕ್ಕ ಇನ್ನೊಂದು ಕೈಯನ್ನು ಮೇಜಿನಡಿಗೆ ಚಾಚಿ ತಂತಿಯನ್ನು ಟೇಪಿನ ಸಮೇತ ಕಿತ್ತಳು.

ದೀಪ ಆರಿತು. ಹತ್ತಿತು. ಟಿಕ್.

"ಅಕ್ಕಾ!" ಎಂದ ತಮ್ಮ.

ಅವಳು ಕಿತ್ತ ತಂತಿಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟಳು. "ಕೂಸಿಗೆ ಇಟ್ಟರೆ ಹಿಂಗೆ ಆಗುತ್ತೆ ಮೇಡಂ. ಇಷ್ಟು ಹೊತ್ತು ಇದರಿಂದ ಓಡ್ತಿತ್ತು."

ಮೇಡಂ ಕುರ್ಚಿ ಎಳೆದುಕೊಂಡು ಡಬ್ಬಿಯ ಹತ್ತಿರ ಬಗ್ಗಿ ಕೂತರು. ದೀಪ ಆರಿದಾಗ ಅವರು ಉಸಿರು ಹಿಡಿಯುತ್ತಿದ್ದರು, ಹತ್ತಿದಾಗ ಬಿಡುತ್ತಿದ್ದರು.